ಭಾವನ ಏದುಸಿರು

“ಸಾಕ್ ಮಾರಾಯಾ ನಿನ್ನ ನಾಟ್ಕ! ಹುಷಾರಿಲ್ದೇ ಇದ್ದರ್ನ ಅಣಕ್ಸುಕೆ ನಾಚ್ಕಿ ಆತಿಲ್ಯಾ?” ಅಕ್ಕ ಅಡುಗೆಮನೆಯಿಂದಲೇ ಬೈದಳು. ನಾನೋ ಹತ್ತು ಗಂಟೆಗೆ ಎದ್ದ ಮಹಾಶಯ, ಬಾವಿಕಟ್ಟೆಯಲ್ಲಿ ಬಾಯ್ತುಂಬ ನೊರೆ ಇಟ್ಟುಕೊಂಡು ಹಲ್ಲುಜ್ಜುತ್ತಿದ್ದೆ. ಒಳಕೋಣೆಯಲ್ಲಿ ಏದುಸಿರು ಬಿಡುತ್ತಿದ್ದವರು ನಿಜವಾದ ಭಾವ.

ನನ್ನನ್ನು ಹೊರಗೆ ಕಂಡದ್ದೇ ಅಕ್ಕನ ಮುಖ ಬಿಳಿಚಿತು. “ಬೆಳ್ಗಿಂದ ಏದುಸ್ರ್ ಕೇಣ್ತಾ ಇತ್ತ್, ನೀನೇ ಅಂದ್ಕಂಡೆ!” ಎನ್ನುತ್ತ ಒಳಗೆ ಓಡಿದಳು.

ಅವಳ ಆರು ವರ್ಷದ ಮಗನಿಗೆ ಚಿಕನ್‌ಪಾಕ್ಸ್ ಬಂದಾಗ ಅವನು ನಾಲ್ಕೇ ದಿನಕ್ಕೆ ಅಂಗಳದಲ್ಲಿ ಕುಣಿಯುತ್ತಿದ್ದ. ಅವನಿಂದ ಅಂಟಿಸಿಕೊಂಡ ಭಾವ ಹಾಸಿಗೆ ಹಿಡಿದರು. ದೋಣಿಯಲ್ಲಿ ಮೀನು ಹಿಡಿಯುತ್ತ ಸಮುದ್ರಕ್ಕೇ ಹೆದರದ ಮನುಷ್ಯ ನರಳುವುದನ್ನು ನೋಡಿ, “ಮಕ್ಳ ಸೀಕಿಗೆ ಇಷ್ಟ್ ನರಳೂದಾ ಭಾವ?” ಎಂದು ಎರಡು ದಿನ ಅವರ ಕೆಮ್ಮು, ಉಸಿರು ಎರಡನ್ನೂ ಅಣಕಿಸಿ ಮನೆಯವರನ್ನೆಲ್ಲ ನಗಿಸಿದ್ದೆ. ಪಾಪ, ಭಾವನೂ ನಕ್ಕಿದ್ದರು. ಆ ದಿನ ಭಾವನನ್ನು ಹೊತ್ತುಕೊಂಡು ಹೋದಾಗ ಕುಂದಾಪುರದ ಡಾಕ್ಟರು, “ದೊಡ್ಡವರಿಗೆ ಇದು ಶ್ವಾಸಕೋಶಕ್ಕೂ ಇಳಿಯಬಹುದು. ಬೆಳಿಗ್ಗೆಯೇ ಯಾಕೆ ಕರೆತರಲಿಲ್ಲ?” ಎಂದು ಕೇಳಿದರು. ಅಕ್ಕ ಭಾವನ ಹೊದಿಕೆ ಸರಿಪಡಿಸತೊಡಗಿದಳು. ಊರಿನವರ ಸ್ವರವನ್ನೆಲ್ಲ ಹೊರಡಿಸುವ ನನಗೆ ನನ್ನದೇ ಸ್ವರ ಹೊರಡಲಿಲ್ಲ.

ಭಾವ ಬದುಕಿದರು. ಆದರೆ ದೋಣಿ ಹತ್ತುವಷ್ಟು ಉಸಿರು ಮರಳಲಿಲ್ಲ. ದಡದಲ್ಲಿ ಕೂತು ಬೇರೆಯವರ ಬಲೆ ಹೆಣೆದುಕೊಡುತ್ತಾರೆ. ಡಾಕ್ಟರಿಗೆ ಹೇಳದ ಕಾರಣವನ್ನು ಅಕ್ಕ ಭಾವನಿಗೂ ಇದುವರೆಗೆ ಹೇಳಿಲ್ಲ. ನಾನೂ ಹೇಳಿಲ್ಲ.