ಬೇರೆಯವರ ಫೋನಿಗೆ ಬಂದ ಓಟಿಪಿ

ಜನ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಕೆಲಸ ಮುಗಿಸಿಕೊಳ್ಳಲಿ ಎಂದು ಸರ್ಕಾರ ಊರ ತುಂಬ ಫಲಕ ಹಾಕಿಸುತ್ತದೆ. ಅಷ್ಟೆಲ್ಲ ಯಾಕೋ! ಒಂದು ಸಲ ನಮ್ಮ ವಿಜಯನಗರದ ಕಡೆಯ ನಾಡಕಚೇರಿಗೆ ಕಳಿಸಿದರೆ ಸಾಕು, ಆಮೇಲೆ ಯಾರೂ ಅತ್ತ ತಲೆ ಹಾಕುವುದಿಲ್ಲ.

ಮಗಳ ಕಾಲೇಜು ಸೀಟಿಗೆ ಆದಾಯ ಪ್ರಮಾಣಪತ್ರ ಕೇಳಿದ್ದರು. ಶನಿವಾರವೇ ಕೊನೆ. ಎರಡು ವರ್ಷದ ಹಿಂದೆ ಮಾಡಿಸಿದ್ದು ಇನ್ನೂ ಚಾಲ್ತಿಯಲ್ಲಿತ್ತು, ಆದರೆ ಕಾಗದ ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕಚೇರಿಗೆ ಹೋದೆ. ಗುಮಾಸ್ತರು ಚಕ್ಕುಲಿ ಮುರಿಯುತ್ತಾ, ನನ್ನ ಮುಖವನ್ನೂ ನೋಡದೆ, "ಫೋನಲ್ಲೇ ಡೌನ್‌ಲೋಡ್ ಮಾಡ್ಕೊಳಿ ಆಂಟಿ. ಬೋರ್ಡ್ ಓದಕ್ಕೆ ಬರಲ್ವಾ?" ಎಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಅವರಿಗೆ ನಾನು ಆಂಟಿ!

ಮನೆಗೆ ಬಂದು ಅನ್ನಕ್ಕಿಟ್ಟು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಫೋನಿನಲ್ಲಿ ಡೌನ್‌ಲೋಡ್ ಎಂದು ಮೂರು ಸಲ ಒತ್ತಿದಳು. ಓಟಿಪಿ ಬರಲಿಲ್ಲ.

"ಅಮ್ಮಾ, ಓಟಿಪಿ ಹೋಗಿರೋ ನಂಬರ್ ಕೊನೇಲಿ ನಲವತ್ತೊಂದು ಅಂತ ತೋರಿಸ್ತಿದೆ. ಯಾರ ನಂಬರ್ ಇದು?"

ಆಗ ನೆನಪಾಯಿತು. ಅಂದು ಅರ್ಜಿ ಹಾಕಿಕೊಟ್ಟ ಕಂಪ್ಯೂಟರ್ ಅಂಗಡಿಯವನು, "ನನ್ ನಂಬರೇ ಹಾಕ್ತೀನಕ್ಕ, ನಿಮಗ್ಯಾಕೆ ತಲೆನೋವು" ಎಂದಿದ್ದ. ನಾನು ಪೆದ್ದಿ, ಥ್ಯಾಂಕ್ಸ್ ಬೇರೆ ಹೇಳಿದ್ದೆ. ನಾನೊಬ್ಬಳೇ ಅಲ್ಲ; ನಮ್ಮ ಬೀದಿಯ ನಿವೃತ್ತ ಮೇಷ್ಟರು, ಬ್ಯಾಂಕಿನವರು, ಎಲ್ಲ ಓದಿದವರೇ, ಎಲ್ಲರೂ ಅವನ ನಂಬರಿನಲ್ಲೇ ಇದ್ದೇವೆ.

ಸಂಜೆ ಹೋಗಿ ನೋಡಿದರೆ ಅಂಗಡಿಯ ಜಾಗದಲ್ಲಿ ಜ್ಯೂಸ್ ಮಾರುತ್ತಿದ್ದರು. ಅವನು ಕೆಂಗೇರಿ ಬಸ್ ಸ್ಟ್ಯಾಂಡ್ ಹತ್ತಿರ ಹೋಗಿದ್ದಾನೆ ಎಂದು ಪಕ್ಕದ ಹೂವಿನಾಕೆ ಹೇಳಿದಳು. ಶುಕ್ರವಾರ ಮೆಟ್ರೋ ಹತ್ತಿ ಹೋದೆ. ಮನೆಯಲ್ಲೇ ಕೂತು ಪಡೆಯುವ ಸೇವೆ ನೋಡಿ! ಅವನ ಅಂಗಡಿ ಹುಡುಕಿ ವಿಷಯ ಹೇಳಿದೆ.

"ಓಹೋ, ಅದು ನೀವಾ, ಬನ್ನಿ ಅಕ್ಕ! ನಿನ್ನೆ ಓಟಿಪಿ ಮೇಲೆ ಓಟಿಪಿ ಬಂತು. ಯಾವನೋ ಫ್ರಾಡು ಅಂದ್ಕೊಂಡೆ," ಎಂದು ಹಲ್ಲು ಕಿರಿದ.

ಮಗಳಿಗೆ ಫೋನ್ ಮಾಡಿದೆ. ಅವಳು ಅಲ್ಲಿ ಒತ್ತಿದಳು, ಇವನು ಇಲ್ಲಿ ಅಂಕಿ ಓದಿದ. "ಬಂತು ಅಮ್ಮಾ!"

"ಈಗ ನನ್ನ ನಂಬರ್ ಹಾಕಿಕೊಡಿ," ಎಂದೆ.

"ಯಾಕಕ್ಕ? ನಾನಿದೀನಲ್ಲ."

"ನೀವಿರೋದೇ ತೊಂದರೆ."

ಬದಲಾಗುವವರೆಗೂ ಅವನ ಸ್ಟೂಲಿನಿಂದ ಏಳಲಿಲ್ಲ.

ಶನಿವಾರ ಕಾಲೇಜಿನಲ್ಲಿ ಮಗಳು ಹೆಮ್ಮೆಯಿಂದ ಫೋನು ಮುಂದೆ ಹಿಡಿದಳು. ಕೌಂಟರಿನಾಕೆ ಕಣ್ಣೆತ್ತಲೂ ಇಲ್ಲ. "ಎರಡು ಸೆಟ್ ಜೆರಾಕ್ಸ್ ತಗೊಂಡ್ ಬನ್ನಿ." ತಂದುಕೊಟ್ಟೆವು. ಸೀಟು ಸಿಕ್ಕಿತು.