ಎಡಗಡೆಯ ಸ್ಪೀಕರ್

ಒಂದು ಜೊತೆ ಚಪ್ಪಲಿ ಕೊಳ್ಳಲು ಹದಿನೈದು ದಿನ ಯೋಚಿಸುವವನು ನಾನು. ಹೀಗಿರುವಾಗ ಒಂದು ಜೊತೆ ಸ್ಪೀಕರ್ ಆರಿಸಲು ನಾಲ್ಕು ತಿಂಗಳು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಬೇಕಾಗಿದ್ದವು ಬುಕ್‌ಶೆಲ್ಫ್ ಸ್ಪೀಕರ್‌ಗಳು, ಅಂದರೆ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕವು. ಆದರೆ ಅವನ್ನು ಕಪಾಟಿನಲ್ಲಿಟ್ಟರೆ ದನಿ ಕೆಡುತ್ತದೆ, ಗೋಡೆಯಿಂದ ಒಂದು ಮೊಳ ಈಚೆಗೆ ಸ್ಟೂಲಿನ ಮೇಲೆ ಇಡಬೇಕು ಎಂದು ಬಲ್ಲವರೆಲ್ಲ ಬರೆದಿದ್ದಾರೆ. ತಾನು ಕೂರಬಾರದ ಜಾಗದ ಹೆಸರನ್ನೇ ಇಟ್ಟುಕೊಂಡ ಬೇರೆ ವಸ್ತು ನನಗೆ ಗೊತ್ತಿಲ್ಲ.

ನಾನು ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮಪ್ಪ ಸಂಸ್ಕೃತದ ಮಾಸ್ತರ, ಅಜ್ಜನೂ ಮಾಸ್ತರ. ಓದದೆ ಏನನ್ನೂ ಕೊಳ್ಳುವುದು ನಮ್ಮ ಮನೆತನದಲ್ಲಿಲ್ಲ. ಹಾಗಾಗಿ ಓದಿದೆ. ಸ್ಪೀಕರ್ ಬಗ್ಗೆ ಬರೆಯುವವರು ಹಸಿದು ಕೂತು ಬರೆಯುತ್ತಾರೆಂದು ಕಾಣುತ್ತದೆ. ಒಂದರ ದನಿ ಬೆಣ್ಣೆಯಂತೆ, ಇನ್ನೊಂದರದು ಖಾರ, ಮತ್ತೊಂದರದು ಸ್ವಲ್ಪ ಸಪ್ಪೆ. ನಾಲ್ಕು ತಿಂಗಳ ಕೊನೆಗೆ ನನಗೆ ಹಸಿವಾಗುತ್ತಿತ್ತೇ ಹೊರತು ಯಾವುದನ್ನು ಕೊಳ್ಳಬೇಕೆಂದು ತಿಳಿಯಲಿಲ್ಲ.

ಕೊನೆಗೆ ಬಾಗಲಕೋಟೆಗೆ ಹೋದೆ. ಅಲ್ಲಿ ನವನಗರದಲ್ಲಿ ಬೀರಣ್ಣನ ಅಂಗಡಿ. ಬೀರಣ್ಣ ನಮ್ಮ ಬಾದಾಮಿಯ ಪಕ್ಕದ ಚೊಳಚಗುಡ್ಡದವನು. ಬೀರಪ್ಪ ದೇವರ ಒಕ್ಕಲು, ಮನೆಯಲ್ಲಿ ತಲೆತಲಾಂತರದಿಂದ ಡೊಳ್ಳು ಬಾರಿಸುವವರು. ನಾನು ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಾಕಿ, ಕಣ್ಣು ಮುಚ್ಚಿ ಮೂರು ಜೊತೆ ಸ್ಪೀಕರ್‌ಗಳನ್ನು ಪರೀಕ್ಷಿಸಿದೆ. ಅವನು ಅವೇ ಮೂರಕ್ಕೂ ಡೊಳ್ಳಿನ ಹಾಡು ಹಾಕಿ, ಪೆಟ್ಟಿಗೆಯ ಬೆನ್ನ ಮೇಲೆ ಅಂಗೈ ಇಟ್ಟು ನೋಡಿದ. ಅಂಗೈಗೆ ನಡುಕ ಕಡಿಮೆ ಬಂದದ್ದೇ ಗಟ್ಟಿ ಪೆಟ್ಟಿಗೆ ಎಂದ. ನನ್ನ ನಾಲ್ಕು ತಿಂಗಳ ಓದಿಗೂ ಅವನ ಅಂಗೈಗೂ ಒಂದೇ ಜೊತೆ ಒಪ್ಪಿಗೆಯಾಯಿತು. ಅವನ ಅಂಗೈ ಅರ್ಧ ನಿಮಿಷ ತೆಗೆದುಕೊಂಡಿತ್ತು, ಅದನ್ನು ಮನೆಯಲ್ಲಿ ಹೇಳಲಿಲ್ಲ.

ತೊಂದರೆ ಶುರುವಾದದ್ದು ಮನೆಯಲ್ಲಿ. ಎಡಗಡೆಯ ಸ್ಪೀಕರಿನ ದನಿ ಸಣ್ಣ. ಗಾಯಕ ನಡುವೆ ಕೂತು ಹಾಡಬೇಕಾದವನು ಬಲಕ್ಕೆ ಸರಿದು ಕಿಟಕಿಯಿಂದ ಹಾಡುತ್ತಿದ್ದ. ಬೀರಣ್ಣನಿಗೆ ಫೋನ್ ಮಾಡಿದೆ. ಅವನು ತಕರಾರಿಲ್ಲದೆ ಬೇರೆಯದು ಕೊಟ್ಟ. ಅದೂ ಸಣ್ಣ. ಮತ್ತೆ ಫೋನ್ ಮಾಡಿದೆ, ಈ ಸಲ ಸ್ವಲ್ಪ ಬಿಗಿಯಾಗಿಯೇ ಮಾತಾಡಿದೆ. ಗೊತ್ತಿಲ್ಲದವರಿಗೆ ಮಾರುವಂಥದ್ದನ್ನು ನನಗೆ ಮಾರಬೇಡ ಎಂದೂ ಅಂದುಬಿಟ್ಟೆ. ಅವನು, ರವಿವಾರ ಊರಿಗೆ ಬರುತ್ತೇನೆ, ನಾನೇ ನೋಡುತ್ತೇನೆ ಎಂದ.

ರವಿವಾರ ಮಧ್ಯಾಹ್ನ ಬಂದ. ಎಡದ ಪೆಟ್ಟಿಗೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟ. ಈಗಲೂ ಎಡವೇ ಸಣ್ಣ. ವೈರ್ ಬದಲಿಸಿದ, ತಾನು ತಂದಿದ್ದ ಬೇರೆ ಆಂಪ್ಲಿಫೈಯರ್ ಹಚ್ಚಿದ. ಎಡವೇ ಸಣ್ಣ. ಆಮೇಲೆ ನನ್ನ ಕುರ್ಚಿಯಲ್ಲಿ ತಾನೇ ಕೂತು ಕೇಳಿ, ಎರಡೂ ಸಮ ಇವೆ ಎಂದ. ಡೊಳ್ಳಿನ ನಡುವೆ ಬೆಳೆದ ಕಿವಿಗೆ ಇಷ್ಟು ಸೂಕ್ಷ್ಮ ಹೇಗೆ ತಿಳಿದೀತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು, ಗೋಡೆಯ ಕೆಂಪು ಕಲ್ಲಿಗೆ ದನಿ ಹೇಗೆ ಬಡಿದು ಮರಳುತ್ತದೆ ಎಂಬುದರ ಮೇಲೆ ಅವನಿಗೊಂದು ಪಾಠ ಮಾಡಿದೆ.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜಾ ಮಾತಾಡಿದಳು. ಅವಳು ತಾಲೂಕು ಕಚೇರಿಯಲ್ಲಿ ಕ್ಲಾರ್ಕ್. ಯಾವ ಅರ್ಜಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಒಂದೇ ನೋಟಕ್ಕೆ ಹೇಳುವವಳು.

"ಸ್ಪೀಕರ್ ಎಲ್ಲಾ ಹೊಳ್ಳಿಸಿ ನೋಡಿದ್ರಿ. ಈಗ ನೀವು ಹೊಳ್ಳಿ ಕುಂದರ್ರಿ."

ಕುರ್ಚಿ ತಿರುಗಿಸಿ, ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಕೂತೆ. ಎಡದ ಸ್ಪೀಕರ್ ತಟ್ಟನೆ ಸರಿಹೋಯಿತು. ಬಲದ್ದು ಕೆಟ್ಟಿತು.

ಹತ್ತನೆಯ ತರಗತಿಗೆ ಪ್ರಯೋಗ ಹೇಳಿಕೊಡುವವನು ನಾನು. ಎಲ್ಲವನ್ನೂ ಬದಲಿಸಿದ್ದೆವು, ನನ್ನ ಕಿವಿಯೊಂದನ್ನು ಬಿಟ್ಟು. ಬೀರಣ್ಣ ನಗಬಹುದಾಗಿತ್ತು, ನಗಲಿಲ್ಲ. ಗಿರಿಜಾಳಾದರೂ ನಗುತ್ತಾಳೆಂದು ಅವಳ ಮುಖ ನೋಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಬೇರೇನೋ ಲೆಕ್ಕ ಹಾಕುತ್ತಿದ್ದಳು.

"ಹಂಗಾರ ಊಟಕ್ಕ ನಾ ಯಾವ ಕಡೆ ಕುಂದರ್ತೇನಿ?" ಎಂದು ಕೇಳಿದಳು.

ಎಡಕ್ಕೆ. ಮದುವೆಯಾದಾಗಿನಿಂದ ಎಡಕ್ಕೇ. ಸ್ಕೂಟರಿನಲ್ಲಿ ಹಿಂದೆ ಒಂದೇ ಮಗ್ಗುಲಿಗೆ ಕೂತಾಗಲೂ ಅವಳ ಮುಖ ನನ್ನ ಎಡಕ್ಕೇ. ಹಿಂದೊಮ್ಮೆ ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಮಾರುವವರ ಹತ್ತಿರ ನಿಲ್ಲಿಸಿರಿ, ಹಸಿವಾಗಿದೆ ಎಂದು ಅವಳು ಮೂರು ಸಲ ಹೇಳಿದ್ದಳಂತೆ. ನಾನು ನಿಲ್ಲಿಸದೆ ನೇರ ಮನೆಗೆ ಬಂದಿದ್ದೆ. ಆಮೇಲೆ ಎರಡು ದಿನ ಅವಳು ಮಾತಾಡಿರಲಿಲ್ಲ. ಮನೆಯಲ್ಲಿ ಎಂಥ ಶಾಂತಿ ಎಂದು ನಾನು ಎರಡು ದಿನವೂ ಸಂತೋಷಪಟ್ಟಿದ್ದೆ.

"ನೀವು ಬೇಕಂತ ಕೇಳಸ್ಕೋಳಂಗಿಲ್ಲ ಅಂತ ತಿಳಕೊಂಡಿದ್ದೆ. ನಮ್ಮ ಅಕ್ಕನ ಮುಂದನೂ ಹಂಗ ಹೇಳೇನಿ," ಎಂದಳು. ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಿನದೋ ಸಮಾಧಾನದ್ದೋ ನನಗೆ ತಿಳಿಯಲಿಲ್ಲ. ಬೀರಣ್ಣ ವೈರ್ ಸುತ್ತುವ ನೆವದಲ್ಲಿ ಪಡಸಾಲೆಗೆ ಹೋದ. ಅವನು ಹೊರಡುವಾಗ ಬಾಗಿಲವರೆಗೂ ಹೋಗಿ, ಫೋನಿನಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದೆ.

"ಇರ್ಲಿ ಬಿಡ್ರಿ ಸರ. ಕಿವಿಗೆ ಗ್ಯಾರಂಟಿ ಕಾರ್ಡ್ ಇರಂಗಿಲ್ಲ," ಎಂದು ಗಾಡಿ ಹತ್ತಿದ.

ಮರುವಾರ ಬಾಗಲಕೋಟೆಯ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಎಡಗಿವಿಯೊಳಗೆ ದೀಪ ಹಿಡಿದು ನೋಡಿ, ಬಹಳ ವರ್ಷದ ಗುಗ್ಗೆ ಗಟ್ಟಿಯಾಗಿ ಕೂತಿದೆ ಎಂದರು. ತೆಗೆದದ್ದನ್ನು ತೋರಿಸಿದರು. ಬೀಗತನ ಮಾಡುವ ಮನೆಯವರಿಗೆ ತೋರಿಸುವಂಥದ್ದಲ್ಲ. ಅದು ಹೋದ ಮೇಲೂ ಸ್ವಲ್ಪ ಮಂದ ಉಳಿಯಿತು. ಅದು ನರದ್ದು, ವಯಸ್ಸಿನದು, ವರ್ಷಕ್ಕೊಮ್ಮೆ ತೋರಿಸಿರಿ ಎಂದರು. ಹೊರಗೆ ಬಂದರೆ ಆಟೋಗಳ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು. ಇಷ್ಟು ಗದ್ದಲದ ಊರಲ್ಲಿ ಜನ ಹೇಗಿದ್ದಾರೆ ಎನಿಸಿತು.

ಆ ಸಂಜೆ ಗಿರಿಜಾಳನ್ನು ಬಲಕ್ಕೆ ಕೂಡಿಸಿಕೊಂಡು ಸ್ಪೀಕರ್ ಹಚ್ಚಿದೆ. ಗಾಯಕ ಕಿಟಕಿ ಬಿಟ್ಟು ಬಹುಪಾಲು ನಡುವೆ ಬಂದಿದ್ದ. ಮನಸ್ಸು ತುಂಬಿ ಬಂದು, ಇಷ್ಟು ವರ್ಷ ನನಗೆ ಕೇಳಿಸದೆ ಹೋದ ಮಾತುಗಳಲ್ಲಿ ಮುಖ್ಯವಾದದ್ದೇನಾದರೂ ಇದ್ದರೆ ಈಗ ಹೇಳು ಎಂದೆ. ಅವಳು ಯೋಚಿಸಿದಳು. ಬಹಳಷ್ಟು ಈಗ ಹಳೆಯದಾಯಿತು, ಆದರೆ ಒಂದು ಇನ್ನೂ ಇದೆ ಎಂದಳು.

"ಈ ನಿಧಾನ ಆಲಾಪ ನನಗ ಮೊದಲಿಂದನೂ ಹಿಡಸಂಗಿಲ್ರಿ."

ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿಲ್ಲ ಎನ್ನುವ ದಾರಿ ಮುಚ್ಚಿಹೋಗಿತ್ತು.

ಈಗ ಸಂಜೆಗಳನ್ನು ಪಾಲು ಮಾಡಿಕೊಂಡಿದ್ದೇವೆ. ಅರ್ಧ ತಾಸು ನನ್ನ ಆಲಾಪ, ಅರ್ಧ ತಾಸು ಅವಳು ಬೀರಣ್ಣನಿಂದ ಕೇಳಿ ಮೊಬೈಲಿಗೆ ಹಾಕಿಸಿಕೊಂಡ ಡೊಳ್ಳಿನ ಹಾಡು. ಮೊದಲ ದಿನ ಅವಳ ಪಾಳಿಯಲ್ಲಿ ಪೇಪರ್ ಓದಿದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಪೇಪರಿನ ಕೆಳಗೆ ನನ್ನ ಕಾಲು ತಾಳ ಹಾಕುತ್ತಿತ್ತು. ಗಿರಿಜಾ ಕಾಲು ನೋಡಿದಳು, ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಕೇಳಿಸುತ್ತಿತ್ತು.