ಬಸ್ಯಾನಿಗೆ ಬಂದ ಸರ್ಕಾರಿ ಮೇವು

ಇವತ್ತು ಬೆಳಗ್ಗೆ ವಾಡಿ ಪೇಟೆಯಿಂದ ಗಾಜಿನ ಲೋಟ ತಂದೆ. ಡಬ್ಬದ ತುಂಬ ಭತ್ತದ ಹುಲ್ಲು. ಲೋಟ ಒಡೆದಿವೆಯೋ ಹೇಗೆ ಎಂದು ನೋಡುವುದು ಬಿಟ್ಟು ಹುಲ್ಲನ್ನು ಮೂಗಿಗೆ ಹಿಡಿದು ಕುಳಿತೆ. ಹೆಂಡತಿ ಒಂದು ಸಲ ನನ್ನನ್ನು, ಒಂದು ಸಲ ಹುಲ್ಲನ್ನು ನೋಡಿ ಒಳಗೆ ಹೋದಳು. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ದಂಡೋತಿಯಲ್ಲಿ ನನ್ನ ಕಾಕಾ ಇದ್ದ. ಅವನಿಗೊಂದು ಎತ್ತು, ಬಸ್ಯಾ. ಮನೆಯಲ್ಲಿ ಬಡಿದ ಮೊದಲ ರೊಟ್ಟಿ ಬಸ್ಯಾನದು. ಕಾಕಾನ ಹೆಂಡತಿ, ನಮ್ಮ ಕಾಕು, ಇದಕ್ಕೆ ಮುನಿಸಿಕೊಂಡು ಸಾಕಾಗಿ, ಕೊನೆಗೆ ತಾನೇ ಒಯ್ದು ಕೊಡತೊಡಗಿದ್ದಳು. ಆ ವರ್ಷ ಕಾಗಿಣಾ ಹೊಳೆ ಊರೊಳಗೆ ಬಂದು ಕಣಿಕಿಯ ಬಣವೆಗಳನ್ನೆಲ್ಲ ಎತ್ತಿಕೊಂಡು ಹೋಯಿತು. ಜೋಳದ ಒಣ ದಂಟಿಗೆ ನಮ್ಮ ಕಡೆ ಕಣಿಕಿ ಎನ್ನುತ್ತಾರೆ; ದನಗಳಿಗೆ ಅದೇ ಊಟ. ಹೊಲದ ಹುಲ್ಲಿನ ಮೇಲೆ ರಾಡಿ ಕುಳಿತಿತ್ತು. ದನ ಉಳಿದವು, ಮೇವು ಉಳಿಯಲಿಲ್ಲ.

ಸರ್ಕಾರ ತಡ ಮಾಡಲಿಲ್ಲ, ಸುಳ್ಳು ಹೇಳಬಾರದು. ದನ ಇದ್ದವರಿಗೆಲ್ಲ ಪರಿಹಾರದ ಹಣ ಬಂತು. ಚಿತ್ತಾಪುರದ ಸ್ಟೇಷನ್ ಬಳಿ ಒಂದು ಮೇಜಿನಲ್ಲಿ ಹಣ ಕೊಟ್ಟರು. ಪಕ್ಕದ ಮೇಜಿನಲ್ಲಿ ಅದನ್ನೇ ತೆಗೆದುಕೊಂಡು, ಗಂಗಾವತಿ ಕಡೆಯಿಂದ ರೈಲಿನಲ್ಲಿ ಬಂದ ಭತ್ತದ ಹುಲ್ಲು ಕೊಟ್ಟರು. ಕಾಕಾ ಹಣದ ಮುಖ ಕಂಡದ್ದು ಆ ಎರಡು ಮೇಜುಗಳ ನಡುವೆ ಮಾತ್ರ.

ಬಸ್ಯಾ ಹುಲ್ಲನ್ನು ಮೂಸಿ ಮುಖ ತಿರುಗಿಸಿದ. ಬೆಲ್ಲದ ನೀರು ಚಿಮುಕಿಸಿದರು, ಉಪ್ಪು ಹಚ್ಚಿದರು. ಊಹೂಂ. ನಾನು ಆಗತಾನೆ ಮಾಸ್ತರಿಕೆ ಹಿಡಿದಿದ್ದೆ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಪಾಠ ಹೇಳಿದೆ. ಕಾಕಾ ಪಾಠ ಕೇಳುವ ಬದಲು ಕೊಟ್ಟಿಗೆಯ ಮೇಲೆ ಹತ್ತಿದ. ಚಾವಣಿಗೆ ಹೊದಿಸಿದ್ದ ಹಳೆಯ ಕಣಿಕಿ ಕಿತ್ತು, ಒಳಪದರದ ಒಣಗಿದ್ದನ್ನು ಆರಿಸಿ ಬಸ್ಯಾನಿಗೆ ಹಾಕಿದ. ಕಿತ್ತ ಜಾಗಕ್ಕೆ ಸರ್ಕಾರದ ಹುಲ್ಲು ಹೊದಿಸಿದ. ಹೀಗೆ ಎತ್ತು ದಿನಕ್ಕಿಷ್ಟು ತನ್ನ ಕೊಟ್ಟಿಗೆಯನ್ನೇ ತಿನ್ನತೊಡಗಿತು.

ಆ ಕಣಿಕಿಯೂ ಮುಗಿಯಿತು. ಬಸ್ಯಾ ಉಪವಾಸ ಬಿದ್ದ, ಪಕ್ಕೆಲುಬು ಎದ್ದವು, ಕಾಕಾನಿಗೂ ರೊಟ್ಟಿ ಇಳಿಯಲೊಲ್ಲದು. ಅದೇ ಹೊತ್ತಿಗೆ ಪರಿಹಾರದ ತನಿಖೆಗೆ ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ಬಂದರು. ಹೊಸ ಹುಲ್ಲು ಹೊದ್ದ ಕೊಟ್ಟಿಗೆ ಬಿಸಿಲಿಗೆ ಮದುವೆ ಮನೆಯ ಹಾಗೆ ಕಾಣುತ್ತಿತ್ತು. ದನದ ಹಣದಲ್ಲಿ ಚಾವಣಿ ಮಾಡಿಕೊಂಡಿದ್ದೀರಿ, ಹಣ ವಾಪಸು ಕಟ್ಟಬೇಕು ಎಂದರು.

“ನಮ್ಮ ಬಸ್ಯಾ ಇದನ್ನ ಮುಟ್ಟಂಗಿಲ್ರಿ ಸಾಹೇಬ್ರ. ಸುಳ್ಳ ಅನಸಿದ್ರ ನೀವೇ ತಿನಿಸಿ ನೋಡ್ರಿ,” ಎಂದ ಕಾಕಾ.

ಸಾಹೇಬರು ತಗ್ಗಿನ ಚಾವಣಿಯಿಂದ ಒಂದು ಹಿಡಿ ಎಳೆದು ಬಸ್ಯಾನ ಮುಂದೆ ಹಿಡಿದರು. ಬಸ್ಯಾ ಮೂಸಿದ. ಮತ್ತೆ ಮೂಸಿದ. ಆಮೇಲೆ ನಾಲಿಗೆ ಚಾಚಿ ಎಳೆದುಕೊಂಡು ಅಗಿಯತೊಡಗಿದ. ಬಿಸಿಲಿಗೆ ರೈಲಿನ ವಾಸನೆ ಹೋಗಿತ್ತೋ, ಹಸಿವೇ ಗೆದ್ದಿತೋ, ನನಗೆ ಈಗಲೂ ಗೊತ್ತಿಲ್ಲ. ಕಾಕಾ ಎಲ್ಲರೆದುರು ಸುಳ್ಳನಾಗಿದ್ದ, ಹಣ ಕಟ್ಟುವುದು ಖಾತ್ರಿಯಾಗಿತ್ತು.

ಕಾಕಾ ಸಾಹೇಬರ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

“ತಿಂದಾನ್ರಿ ಸಾಹೇಬ್ರ, ನಮ್ಮ ಬಸ್ಯಾ ತಿಂದಾನ. ನಿಮ್ಮ ಕೈಗುಣ ಭಾಳ ಚಲೋ ಅದ. ನಾಳೆನೂ ಬರ್ರಿ.”

ಸಾಹೇಬರು ಹಣದ ಮಾತು ಮತ್ತೆ ಎತ್ತಲಿಲ್ಲ. ಚಾವಣಿಯಿಂದ ಇನ್ನೊಂದು ಹಿಡಿ ಎಳೆದರು.

ಸೋತು ಅಷ್ಟು ಹಿಗ್ಗಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ನಾನಂತೂ ವಾದದಲ್ಲಿ ಸೋತವನಲ್ಲ. ಮಾಸ್ತರಿಕೆಯ ಚಟ ಅದು. ಈಗ ಮಗಳು, ಸೇಡಂ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಹೋಗುತ್ತೇನೆ ಎನ್ನುತ್ತಿದ್ದಾಳೆ. ಬೇಡವೆನ್ನಲು ನನ್ನ ಬಳಿ ಗಟ್ಟಿ ಕಾರಣಗಳಿವೆ. ಒಳಗೇ ಇದ್ದಾಳೆ. ಹೋಗಿ ಸೋತು ಬರುತ್ತೇನೆ.